ಫರಸಿಕಲ್ಲಿನ ಸೀಮೆಗೆ ಬಂದ ಹಲಗೆ

ಸಮುದ್ರವೆಂಬುದು ನಮ್ಮ ಸೇಡಂ ಸೀಮೆಯವರಿಗೆ ಬಹುಮಟ್ಟಿಗೆ ಅಷ್ಟಾದಶ ವರ್ಣನೆಗಳಲ್ಲಿ ಒಂದು. ಮಹಾಕಾವ್ಯವೆಂದ ಮೇಲೆ ಅದರಲ್ಲಿ ಸಮುದ್ರವರ್ಣನೆ ಇರಲೇಬೇಕೆಂದು ಲಕ್ಷಣಕಾರರು ವಿಧಿಸಿರುವುದರಿಂದ, ಹನ್ನೆರಡು ವರ್ಷಗಳಿಂದ ನಾನು ಬಿ.ಎ. ತರಗತಿಯ ವಿದ್ಯಾರ್ಥಿಗಳಿಗೆ ತೆರೆ, ನೊರೆ, ಮಕರ, ಮೌಕ್ತಿಕಗಳ ಅರ್ಥವನ್ನು ಬಿಡಿಸಿ ಹೇಳುತ್ತ ಬಂದಿದ್ದೇನೆ. ಹೇಳುವವನೂ ಕೇಳುವವರೂ ಕಡಲನ್ನು ಸರಿಯಾಗಿ ಕಾಣದವರಾದ ಕಾರಣ ಪಾಠವು ನಿರ್ವಿಘ್ನವಾಗಿ ಸಾಗುತ್ತಿತ್ತು. ನಮ್ಮೂರಿಗೆ ಸಮೀಪದ ಮಳಖೇಡದಲ್ಲಿ ಆಳಿದ ನೃಪತುಂಗನ ಆಸ್ಥಾನದಿಂದ ಹೊರಟ ಕವಿರಾಜಮಾರ್ಗವಾದರೂ ಕನ್ನಡ ನಾಡಿನ ಮೇರೆಯನ್ನು ಹೇಳುವ ಪ್ರಸಿದ್ಧ ಪದ್ಯದಲ್ಲಿ ಎರಡು ನದಿಗಳನ್ನು ಹೆಸರಿಸುತ್ತದೆಯೇ ಹೊರತು ಕಡಲಿನ ಗೊಡವೆಗೆ ಹೋಗುವುದಿಲ್ಲ. ಇಂಥ ಊರಿಗೆ, ಕಳೆದ ವರ್ಷದ ಮೇ ತಿಂಗಳ ಕೊನೆಯ ವಾರದಲ್ಲಿ, ಎಂಟು ಅಡಿ ಉದ್ದದ ಒಂದು ಅಲೆಯೇರುವ ಹಲಗೆಯನ್ನು ತಂದವನು ನಾನು. ಅದೂ ಹೊಸದಲ್ಲ, ಇನ್ನೊಬ್ಬರು ಬಳಸಿ ಬಿಟ್ಟದ್ದು.

ಇಂಗ್ಲಿಷಿನಲ್ಲಿ ಇದಕ್ಕೆ ಸರ್ಫ್ ಬೋರ್ಡ್ ಎನ್ನುತ್ತಾರೆ. ಕನ್ನಡದಲ್ಲಿ ‘ತೆರೆಹಲಗೆ’ ಎನ್ನಬಹುದೆಂದು ನಾನು ಮನೆಯಲ್ಲಿ ಸೂಚಿಸಿದೆ. ಮಗಳು ನಕ್ಕಳು. ಆದ್ದರಿಂದ ಹಲಗೆ ಎಂದಷ್ಟೇ ಕರೆಯುತ್ತೇನೆ.

ಇದರ ಮೂಲವನ್ನು ಸ್ವಲ್ಪದರಲ್ಲಿ ಹೇಳಬೇಕು. ನನ್ನ ತಂಗಿಯ ಸಂಸಾರ ಸುರತ್ಕಲ್ಲಿನಲ್ಲಿದೆ. ಮಗಳು ಎರಡು ಬೇಸಿಗೆಗಳಿಂದ ರಜೆಗೆ ಅಲ್ಲಿಗೆ ಹೋಗಿ ಈಜುಕೊಳದಲ್ಲಿ ಈಜು ಕಲಿತಿದ್ದಳು. ಕಳೆದ ವರ್ಷ ಮೌಲ್ಯಮಾಪನದ ಕೆಲಸದ ಮೇಲೆ ನಾನೂ ಮಂಗಳೂರಿಗೆ ಹೋದಾಗ, ಹನ್ನೆರಡು ವರ್ಷದ ಆ ಹುಡುಗಿ ಮೂಲ್ಕಿಯ ಹತ್ತಿರ ಸಸಿಹಿತ್ಲುವಿನ ನೀರಿನಲ್ಲಿ ಹಲಗೆಯ ಮೇಲೆ ಎದ್ದು ನಿಂತು, ಮೂರು ಎಣಿಸುವಷ್ಟು ಹೊತ್ತು ತೆರೆಯೊಡನೆ ಜಾರಿಬಂದುದನ್ನು ಕಣ್ಣಾರೆ ಕಂಡೆ. ನಾಲ್ಕು ಎಣಿಸುವುದರೊಳಗೆ ಬಿದ್ದಳು. ದಡದಲ್ಲಿ ನಿಂತಿದ್ದ ನನ್ನ ಎದೆ ಬಡಿದುಕೊಂಡ ಪರಿಯನ್ನು ವರ್ಣಿಸಲು ಯಾವ ಲಕ್ಷಣಕಾರನೂ ಸೂತ್ರ ಬರೆದಿಲ್ಲ. ಅವಳಾದರೋ ಮೂಗಿನಿಂದ ನೀರು ಸುರಿಸುತ್ತ ಎದ್ದು, ಮತ್ತೆ ಒಳಕ್ಕೆ ಹೊರಟಳು.

ಮೂಲ್ಕಿಯ ವಿಚಾರ ವಾಚಕರಲ್ಲಿ ಕೆಲವರಿಗಾದರೂ ಹೊಸದಿರಬಹುದು. ಶಾಂಭವಿ, ನಂದಿನಿ ಎಂಬೆರಡು ನದಿಗಳು ಕೂಡಿ ಕಡಲು ಸೇರುವ ಊರು ಅದು. ಜಾಕ್ ಹೆಬ್ನರ್ ಎಂಬ ಅಮೆರಿಕದ ವೈಷ್ಣವ ಸನ್ಯಾಸಿಯೊಬ್ಬರು 2004ರಲ್ಲಿ ಅಲ್ಲಿ ಆಶ್ರಮ ಹೂಡಿ, ಜಪತಪಗಳ ಜೊತೆಗೆ ಹಲಗೆಯೇರುವುದನ್ನೂ ಊರಿನ ಹುಡುಗರಿಗೆ ಹೇಳಿಕೊಟ್ಟರು. ಜನ ಅವರನ್ನು ‘ಸರ್ಫಿಂಗ್ ಸ್ವಾಮಿ’ ಎಂದೇ ಕರೆದರು. ಅವರ ಸುತ್ತ ಬೆಳೆದದ್ದು ಮಂತ್ರ ಸರ್ಫ್ ಕ್ಲಬ್. 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಎಂಬ ಅಖಿಲ ಭಾರತ ಮಟ್ಟದ ಸ್ಪರ್ಧೆಯೂ ನಡೆಯಿತು. ಹವಾಯಿ ದ್ವೀಪದವರಿಗೆ ಇದು ಪುರಾತನ ವಿದ್ಯೆ. 18ನೆಯ ಶತಮಾನದಲ್ಲಿ ಕ್ಯಾಪ್ಟನ್ ಕುಕ್ಕನ ಹಡಗಿನವರು ಅದನ್ನು ಕಂಡು ಬೆರಗಾಗಿ ಬರೆದಿಟ್ಟರು. ಅದೇ ದ್ವೀಪದ ಡ್ಯೂಕ್ ಕಹಾನಮೊಕು 1912ರ ಒಲಿಂಪಿಕ್ಸಿನಲ್ಲಿ ಈಜಿನ ಚಿನ್ನ ಗೆದ್ದು, ಮುಂದೆ ದೇಶದೇಶಗಳಲ್ಲಿ ಹಲಗೆಯಾಟವನ್ನು ತೋರಿಸುತ್ತ ತಿರುಗಿದ. ಆದರೆ ಆ ಆಟಕ್ಕೇ ಒಲಿಂಪಿಕ್ಸಿನಲ್ಲಿ ಮಣೆ ಸಿಕ್ಕಿದ್ದು 2021ರಲ್ಲಿ ನಡೆದ ಟೋಕಿಯೊ ಕ್ರೀಡಾಕೂಟದಲ್ಲಿ.

ಇನ್ನು ನಮ್ಮ ವ್ಯಾಪಾರದ ಕಥೆ. ಕಲಿಸುವ ತರುಣನು ಮೊದಲ ದಿನವೇ ಎಚ್ಚರಿಕೆ ಕೊಟ್ಟಿದ್ದನು: “ಈಗಲೇ ತೆಗೆದುಕೊಳ್ಳಬೇಡಿ ಸರ್, ಹತ್ತು ಪಾಠ ಆಗಲಿ. ತೆಗೆದುಕೊಂಡರೂ ಚಿಕ್ಕದು, ಚೂಪು ಮೂತಿಯದು ಬೇಡ. ಅದು ಚಂದ ಕಾಣ್ತದೆ ಅಷ್ಟೆ, ಕಲಿಯುವವರನ್ನು ಅದು ಹೊರುವುದಿಲ್ಲ.” ಕಲಿಯುವವರ ಹಲಗೆ ಉದ್ದವಾಗಿ, ಅಗಲವಾಗಿ, ದಪ್ಪವಾಗಿ ದೋಣಿಯಂತಿರಬೇಕು, ಬಾಣದಂಥದು ಬಲ್ಲವರಿಗೆ. ಮೇಲುಮೈ ಮೆತ್ತಗಿರುವ ಹಲಗೆಯಾದರೆ ತಲೆಗೆ ಬಡಿದರೂ ಪೆಟ್ಟು ಕಡಿಮೆ. ಇವೆಲ್ಲವನ್ನೂ ನಾನು ಶಿಷ್ಯನಂತೆ ಬರೆದುಕೊಂಡೆ.

ಹತ್ತು ಪಾಠಗಳಾದವು. ಊರು ಬಿಡಲಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ತನ್ನ ಹಲಗೆಯನ್ನು ಮಾರುತ್ತಾನೆಂದು ತಂಗಿ ಪತ್ತೆ ಹಚ್ಚಿದಳು. ಹದಿನಾರು ಸಾವಿರ ಎಂದ. ಹನ್ನೊಂದು ಸಾವಿರಕ್ಕೆ ಕೊಟ್ಟ. ಗಟ್ಟಿ ಮೈಯ ಹಲಗೆಯಾದರೂ ಉದ್ದ, ಅಗಲ, ದಪ್ಪ ಎಲ್ಲವೂ ಹೇಳಿದಂತೆಯೇ ಇದ್ದವು. ಬೆನ್ನಿನ ಮೇಲೆ ಕಾಲು ಜಾರದಂತೆ ತಿಕ್ಕಿದ ಮೇಣ ವರ್ಷಗಟ್ಟಲೆಯದು, ಕೊಳೆ ಹಿಡಿದು ಕಪ್ಪಾಗಿತ್ತು. ಮೂತಿಯ ಹತ್ತಿರ ದೊಡ್ಡದೊಂದು ಮೀನಿನ ಚಿತ್ರ ಅಂಟಿಸಿತ್ತು. ಕಲಿಸುವ ತರುಣ ಹೇಳಿದ ಮಾತುಗಳಲ್ಲಿ ಇನ್ನೊಂದು ನನ್ನ ಟಿಪ್ಪಣಿಯಲ್ಲಿಯೇ ಇತ್ತು: ಹಳೆಯ ಹಲಗೆಯನ್ನು ಕೊಳ್ಳುವಾಗ ಮೇಣವನ್ನೆಲ್ಲ ಕೆರೆದು ತೆಗೆಯಿಸಿ ನೋಡಬೇಕು, ತಗ್ಗು, ಬಿರುಕು, ತೇಪೆ ಎಲ್ಲ ಅಡಗುವುದು ಅದರ ಕೆಳಗೆ. ಆದರೆ ನಾವು ಹೋದಾಗ ಆ ಹುಡುಗನ ತಾಯಿ ನಮಗೆ ನೀರುದೋಸೆ ಬಡಿಸಿದ್ದರು. ದೋಸೆ ತಿಂದು, “ಇದನ್ನು ಕೆರೆದು ತೋರಿಸಿ” ಎನ್ನುವುದು ಹೇಗೆ? ಸಂಕೋಚವಾಯಿತು. ಸೆಕೆಂಡ್ ಹ್ಯಾಂಡ್ ವಸ್ತು ಕೊಳ್ಳುವಾಗ ಮಾರುವವರ ಮನೆಯಲ್ಲಿ ಏನನ್ನೂ ತಿನ್ನಬಾರದೆಂಬುದು ಅಂದು ನಾನು ಕಲಿತ ಪಾಠ. ಆ ಹುಡುಗ ಮೋಸಗಾರನೆಂದು ಹೇಳುತ್ತಿಲ್ಲ. ಅವನೂ ಅದನ್ನು ಇನ್ನೊಬ್ಬನಿಂದ ಕೊಂಡವನು. ಮೇಣದ ಕೆಳಗೆ ಅವನೂ ನೋಡಿರಲಾರ.

ಸೇಡಂಗೆ ಅದನ್ನು ತರಬೇಕಾಗಿ ಬಂದದ್ದು ತಂಗಿಯ ಗಂಡನಿಗೆ ಮನೆ ಬದಲಿಸುವ ಪ್ರಸಂಗ ಒದಗಿದ್ದರಿಂದ. ಅವರಿಗೆ ಸಿಕ್ಕಿದ ಹೊಸ ಬಾಡಿಗೆಮನೆಯಲ್ಲಿ ಎಂಟು ಅಡಿಯ ಬರಿಗೋಡೆ ಒಂದೂ ಇರಲಿಲ್ಲ. ಜೂನ್ ಬಂದರೆ ಮುಂಗಾರಿನ ಕಡಲು ಹೊಸಬರನ್ನು ಹತ್ತಿರ ಸೇರಿಸದು. ಅಷ್ಟು ತಿಂಗಳು ಹಲಗೆ ಎಲ್ಲಿರಬೇಕು? ನಮ್ಮ ಅವ್ವ ಬದುಕಿದ್ದಾಗ ಹೊಲಿದು ತಂಗಿಗೆ ಕೊಟ್ಟ ಎರಡು ಕೌದಿಗಳನ್ನು ಸುತ್ತಿ, ಹಗ್ಗ ಬಿಗಿದು, ಬೆಂಗಳೂರಿನವರೆಗೆ ಬಸ್ಸಿನಲ್ಲಿಯೂ, ಅಲ್ಲಿಂದ ರೈಲಿನ ಸರಕಿನ ಡಬ್ಬಿಯಲ್ಲಿಯೂ ಅದನ್ನು ಸಾಗಿಸಿದ್ದಾಯಿತು. ವಾಡಿಯವರೆಗೆ ಒಂದು ಗೀರೂ ಬೀಳಲಿಲ್ಲ. ವಾಡಿಯಲ್ಲಿ ಕೂಲಿಯವನು, “ನಾ ಹೊರ್ತೀನಿ ಬಿಡ್ರಿ ಸರ” ಎಂದರೂ ಬಿಡದೆ, ಹಿಂದಿನ ತುದಿಯನ್ನು ನಾನೇ ಹಿಡಿದು ಮೇಲ್ಸೇತುವೆಯ ಮೆಟ್ಟಿಲಿನ ತಿರುವಿನಲ್ಲಿ ಕಬ್ಬಿಣದ ಕಂಬಕ್ಕೆ ಬಡಿಸಿದೆ. ಕೌದಿಯ ಒಳಗಿನಿಂದ ಹಪ್ಪಳ ಮುರಿದಂತೆ ಸದ್ದು ಬಂತು. ಸಾವಿರ ಕಿಲೋಮೀಟರಿಗೆ ಹತ್ತಿರ ಹತ್ತಿರ ಪ್ರಯಾಣ ಮಾಡಿದ ವಸ್ತುವನ್ನು ಮನೆಯ ಬಾಗಿಲ ಬಳಿ ಒಡೆದವನು, ಯಾರ ಮೇಲೂ ತಪ್ಪು ಹೊರಿಸಲಾರದವನು, ನಾನೊಬ್ಬನೇ.

ವಾಡಿಯಿಂದ ಟಂಟಂ ಮಾಡಿಕೊಂಡು ಚಿತ್ತಾಪುರದ ಮೇಲೆ ಬಂದೆವು. ಚಿತ್ತಾಪುರದಲ್ಲಿ ಚಹಕ್ಕೆ ನಿಂತಾಗ ಮುದುಕರೊಬ್ಬರು ಕೌದಿಯ ಆ ಉದ್ದನೆಯ ಮೂಟೆಯನ್ನು ನೋಡಿ, ಟೊಪ್ಪಿಗೆ ತೆಗೆದು, ಸಣ್ಣ ದನಿಯಲ್ಲಿ “ಯಾರ್ರೀ, ಹಿರೇರಾ?” ಎಂದು ಕೇಳಿದರು. ಅಲ್ಲವೆಂದು ವಿವರಿಸುವಷ್ಟರಲ್ಲಿ ಚಹ ಆರಿತು.

ಇಷ್ಟು ಹೊತ್ತು ಹಾಸ್ಯದಲ್ಲಿ ತೇಲಿಸಿಕೊಂಡು ಬಂದ ಒಂದು ವಿಚಾರವನ್ನು ಇನ್ನು ಹೇಳದೆ ಉಪಾಯವಿಲ್ಲ. ನಮ್ಮ ತಂದೆಯವರಿಗೆ ಈ ಸುದ್ದಿಯೇ ತಿಳಿದಿರಲಿಲ್ಲ. ಮೊಮ್ಮಗಳು ಈಜು ಕಲಿತದ್ದೂ ತಿಳಿದಿರಲಿಲ್ಲ. ಅವರು ಶಹಾಬಾದಿನ ಕಲ್ಲಿನ ಅಡ್ಡೆಯಲ್ಲಿ ಮೂವತ್ತು ವರ್ಷಕ್ಕೆ ಮಿಕ್ಕಿ ದುಡಿದವರು. ಫರಸಿಯನ್ನು ಆರಿಸಿ, ಅಳೆದು, ಲಾರಿಗೆ ಹೇರಿಸುವುದು ಅವರ ಉದ್ಯೋಗ. ನನ್ನ ಚಿಕ್ಕಪ್ಪನೊಬ್ಬ, ನಾನು ಹುಟ್ಟುವ ಎಷ್ಟೋ ಮುಂಚೆ, ಹದಿನಾಲ್ಕನೆಯ ವಯಸ್ಸಿನಲ್ಲಿ ಮಳೆನೀರು ತುಂಬಿದ್ದ ಪಾಳು ಗಣಿಯೊಂದರಲ್ಲಿ ಮುಳುಗಿ ಸತ್ತ. ಈ ಕಡೆಯ ಗಣಿಯ ಹೊಂಡಗಳನ್ನು ನೋಡಿದವರಿಗೆ ಗೊತ್ತು: ಕೆರೆಯಂತೆ ಅವಕ್ಕೆ ಇಳಿಜಾರಾದ ದಂಡೆಯಿಲ್ಲ. ಕಲ್ಲನ್ನು ಪದರಪದರವಾಗಿ ನೆಟ್ಟಗೆ ಎತ್ತಿದ್ದರಿಂದ ಅಂಚು ಗೋಡೆಯಂತೆ. ಒಂದು ಹೆಜ್ಜೆಗೆ ನೆಲ, ಮುಂದಿನ ಹೆಜ್ಜೆಗೆ ಆಳ, ಹಿಡಿದು ಹತ್ತಲು ಏನೂ ಇಲ್ಲ. ಅವನನ್ನು ಮೇಲೆತ್ತಿದವರಲ್ಲಿ ತಂದೆಯವರೂ ಒಬ್ಬರು. ಅಂದಿನಿಂದ ನಮ್ಮ ಮನೆಯಲ್ಲಿ ನೀರೆಂದರೆ ಕೊಡದಲ್ಲಿರುವುದು ಮಾತ್ರ. ನನಗೆ ಇಂದಿಗೂ ಈಜು ಬಾರದು. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯಕ್ಕೆ ಶಾಲೆಯವರು ಪ್ರವಾಸ ಒಯ್ದಾಗಲೂ ನನ್ನನ್ನು ಕಳಿಸಿರಲಿಲ್ಲ.

ಅವರ ಮುಂದೆ ಕೌದಿಯನ್ನು ಬಿಚ್ಚಬೇಕಾಯಿತು.

ಮೊಮ್ಮಗಳೇ ಹೇಳಿದಳು. “ಮುತ್ಯಾ, ಇದರ ಮ್ಯಾಲ ನಿಂತು ಸಮುದ್ರದಾಗ ಹೋಗ್ತಾರ. ನಾ ನಿಂತೀನಿ.” ತಂದೆಯವರು ಅವಳನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಎದ್ದು ಒಳಗೆ ಹೋದರು. ಮೂರು ದಿನ ನನ್ನೊಡನೆ ಮಾತು ಬಂದ್. ನನ್ನಾಕೆ ಊಟಕ್ಕೆ ಬಡಿಸುತ್ತ, “ನಾ ಮದ್ಲೇ ಹೇಳಿದ್ದೆ, ಮಾವಾರಿಗೆ ಕಾಗದಾ ಬರೀರಿ ಅಂತ” ಎಂದಳು. ಹೇಳಿದ್ದಳು, ನಿಜ.

ಈ ಮೂರು ದಿನಗಳಲ್ಲಿ ನನ್ನ ಪಾಡು ಇನ್ನೊಂದು. ಹಲಗೆಯ ರಚನೆ ಏನೆಂದು ಕೇಳಿದರೆ ನಮ್ಮ ತೊಗರಿಯ ಕಾಳನ್ನು ತೋರಿಸಬಹುದು: ಹೊರಗೆ ತೆಳುವಾದ ಗಟ್ಟಿ ಸಿಪ್ಪೆ, ಒಳಗೆ ತಿರುಳು. 1950ರ ದಶಕದವರೆಗೆ ಹಲಗೆಗಳು ಬಹುಮಟ್ಟಿಗೆ ಮರದವು, ಹೊರಲಾರದಷ್ಟು ಭಾರ. ಆಮೇಲೆ ತಿರುಳಿಗೆ ಹಗುರವಾದ ನೊರೆಯಂಥ ಪದಾರ್ಥ ಬಂತು. ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ ರಾಳದಿಂದ ಬಿಗಿಯುತ್ತಾರೆ. ಸಿಪ್ಪೆ ಒಡೆಯದೆ ಇರುವವರೆಗೆ ಹಲಗೆ ಅಮರ. ಕೂದಲೆಳೆಯ ಬಿರುಕು ಬಿದ್ದರೂ ನೀರು ಒಳನುಗ್ಗಿ ತಿರುಳು ಅದನ್ನು ಹೀರುತ್ತದೆ. ಹಲಗೆ ತೂಕವಾಗುತ್ತದೆ, ಕಂದು ಬಣ್ಣಕ್ಕೆ ತಿರುಗುತ್ತದೆ, ಬರಬರುತ್ತ ಸಿಪ್ಪೆಯೇ ತಿರುಳನ್ನು ಬಿಟ್ಟು ಏಳುತ್ತದೆ. ಇದಲ್ಲದೆ ಬಿಸಿಲು. ಮುಚ್ಚಿದ ಕಾರಿನೊಳಗೆ ಬಿಟ್ಟ ಹಲಗೆ ಗುಳ್ಳೆಯೇಳುತ್ತದೆಂದು ಕರಾವಳಿಯವರು ಎಚ್ಚರಿಸುತ್ತಾರೆ. ನಮ್ಮ ಸೇಡಂನಲ್ಲಿ ಮೇ ತಿಂಗಳೆಂದರೆ ಊರಿಗೆ ಊರೇ ಮುಚ್ಚಿದ ಕಾರು! ಪಡಸಾಲೆಯಲ್ಲಿಟ್ಟ ಮೊದಲ ಮಧ್ಯಾಹ್ನವೇ ಬೆನ್ನಿನ ಮೇಣ ಕರಗಿ ಫರಸಿಯ ಮೇಲೆ ಇಳಿಯಿತು. ನನ್ನಾಕೆ ಅದನ್ನು ತಿಕ್ಕಿ ತೊಳೆದ ಸಂದರ್ಭದಲ್ಲಿ ಆಡಿದ ಮಾತುಗಳು ಈ ಪುಟಕ್ಕೆ ಅನಗತ್ಯ.

ಮನೆಯಲ್ಲಿ ತಂಪಾದ ಕೋಣೆ ಒಂದೇ. ಎರಡು ಮೊಳ ದಪ್ಪದ ಕಲ್ಲುಗೋಡೆಯ, ಉತ್ತರಕ್ಕೆ ಕಿಟಕಿಯಿರುವ ತಂದೆಯವರ ಕೋಣೆ. ಕೇಳುವ ಧೈರ್ಯ ನನಗಿರಲಿಲ್ಲ. ಮಗಳು ಕೇಳಿದಳು. ಅವರು ತಮ್ಮ ಮಂಚವನ್ನು ಒಂದು ಬದಿಗೆ ತಾವೇ ಸರಿಸಿಕೊಂಡು, ಗೋಡೆಯ ಕಡೆ ಕೈ ತೋರಿಸಿದರಂತೆ.

ನಾಲ್ಕನೆಯ ರಾತ್ರಿ ಅವರ ಕೋಣೆಯಿಂದ ಟಕ್, ಟಕ್ ಎಂಬ ಸದ್ದು ಕೇಳಿ ಎದ್ದು ಹೋದೆ. ದೀಪ ಹಚ್ಚಿಕೊಂಡು ತಂದೆಯವರು ಹಲಗೆಯ ಮುಂದೆ ಕುಳಿತು ಬೆರಳಿನ ಗೆಣ್ಣಿನಿಂದ ಗೇಣುಗೇಣಿಗೆ ಬಡಿಯುತ್ತ, ಕಿವಿಯನ್ನು ಹತ್ತಿರ ತಂದು ಆಲಿಸುತ್ತಿದ್ದರು. ಶಹಾಬಾದಿನ ಅಡ್ಡೆಯಲ್ಲಿ ಫರಸಿಯನ್ನು ಆರಿಸುವ ಕ್ರಮವದು: ಒಳಗೆ ಒಡಕಿಲ್ಲದ ಕಲ್ಲು ಬಡಿದರೆ ಗಂಟೆಯಂತೆ ನುಡಿಯುತ್ತದೆ, ಒಡಕಿದ್ದರೆ ಮಡಕೆಯಂತೆ ಮುಗ್ಗರಿಸುತ್ತದೆ. ಕಣ್ಣಿಗೆ ಕಾಣದ ಬಿರುಕನ್ನು ಅವರು ಕಿವಿಯಿಂದ ಕಂಡು ಜೀವನ ಸಾಗಿಸಿದವರು.

ನಾನು ನಿಂತಿರುವುದನ್ನು ನೋಡಿಯೂ ನೋಡದವರಂತೆ ಮೀನಿನ ಚಿತ್ರದ ಮೇಲೆ ಎರಡು ಸಲ ಬಡಿದರು. “ಇಲ್ಲಿ ದನಿ ಸತ್ತದ, ತಮ್ಮಾ” ಎಂದರು.

ಮೂರು ದಿನಗಳ ಮೇಲೆ ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಹೆಬ್ಬೆರಳಿನಿಂದ ಒತ್ತಿದೆ. ಅಲ್ಲಿ ಸಿಪ್ಪೆ ತಗ್ಗಿ ಮತ್ತೆ ಉಬ್ಬಿತು. ಬೆಳಿಗ್ಗೆ ಮೀನನ್ನು ಸುಲಿದೆವು. ಕೆಳಗೆ ಯಾರೋ ಎಂದೋ ಹಾಕಿದ ತೇಪೆ, ಅದರ ಅಂಚಿನಲ್ಲಿ ಚಹದ ಕಲೆಯಂಥ ಕಂದು ವರ್ತುಲ. ಕೌದಿಯೊಳಗೆ ನಾನು ಒಡೆದದ್ದು ಬಾಲದ ತುದಿ. ಅದು ಕಣ್ಣಿಗೆ ಕಾಣುವ ಗಾಯ. ಹನ್ನೊಂದು ಸಾವಿರಕ್ಕೆ ನಾನು ನಿಜವಾಗಿ ಕೊಂಡು ತಂದ ರೋಗ ಇದು. ಬಡಿದು ನೋಡುವ ಈ ಪರೀಕ್ಷೆ ಕಡಲ ದಂಡೆಯ ರಿಪೇರಿಯವರಲ್ಲಿಯೂ ಇದೆಯೆಂದು ಆಮೇಲೆ ತಿಳಿದೆ. ತಂದೆಯವರು ಮಾತ್ರ ಅದನ್ನು ಯಾರಿಂದಲೂ ಕೇಳಿದವರಲ್ಲ.

ರಿಪೇರಿಯ ವಿಚಾರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪರಿಚಯ ಒದಗಿಬಂತು. ಅವನು ವಾಡಿಯಲ್ಲಿ ಸಿಮೆಂಟಿನ ಲಾರಿಗಳ ಒಡೆದ ಫೈಬರ್ ಭಾಗಗಳನ್ನು ಕಟ್ಟುವ ಕೆಲಸ ಮಾಡುತ್ತಾನೆ. ಗಾಜಿನ ಬಟ್ಟೆ, ರಾಳ, ಉಜ್ಜುವ ಕಾಗದ ಎಲ್ಲ ಸಮೇತ ಭಾನುವಾರ ಬಂದು, “ಅರ್ಧ ತಾಸಿನ ಕೆಲಸ ಸರ” ಎಂದು ತೋಳೇರಿಸಿದನು. ಹೊಸಬರು ಹಾಳಾಗುವುದು ಇಂಥ ಅರ್ಧ ತಾಸಿನಲ್ಲಿಯೇ. ರಾಳದಲ್ಲಿ ಎರಡು ಜಾತಿ: ಪಾಲಿಯೆಸ್ಟರ್ ಒಂದು, ಎಪಾಕ್ಸಿ ಇನ್ನೊಂದು. ತಿರುಳಿನಲ್ಲಿಯೂ ಎರಡು: ಹಳದಿಯಾದ ನುಣುಪು ನೊರೆಯ ಪಾಲಿಯುರಿಥೇನ್ ಒಂದಾದರೆ, ನಾವೆಲ್ಲ ಬಲ್ಲ ಥರ್ಮೊಕೋಲಿನ ಜಾತಿಯದು ಇನ್ನೊಂದು. ಎಪಾಕ್ಸಿ ಎರಡು ತಿರುಳಿಗೂ ಹೊಂದಿಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಗಲ್ಲ, ಅದರಲ್ಲಿರುವ ಸ್ಟೈರೀನ್ ಎಂಬ ದ್ರವ ಥರ್ಮೊಕೋಲನ್ನು ಕರಗಿಸಿಬಿಡುತ್ತದೆ. ಒಡೆದ ಬಾಲದಲ್ಲಿ ಇಣುಕಿ ನೋಡಿದರೆ ಸಾಬೂದಾಣಿಯಂತೆ ದುಂಡುದುಂಡಾದ ಮಣಿಗಳು. ಅನುಮಾನ ಬಂದು, ನಮ್ಮ ಟಿ.ವಿ. ಬಂದ ಪೆಟ್ಟಿಗೆಯ ಥರ್ಮೊಕೋಲಿನ ತುಂಡೊಂದನ್ನು ಅಟ್ಟದಿಂದ ಇಳಿಸಿ, ಅದರ ಮೇಲೆ ಒಂದು ಚಮಚೆ ಹನಿಸು ಎಂದೆ. ಹನಿಸಿದನು. ನಾವು ನೋಡುತ್ತಿದ್ದಂತೆಯೇ ರಾಳ ಬಿಸಿ ಎಣ್ಣೆ ಬಿದ್ದ ಬೆಣ್ಣೆಯಂತೆ ತಗ್ಗು ಕೊರೆದು ಕೆಳಗಿಳಿಯಿತು. ಶಿಷ್ಯನ ಮುಖ ಸಣ್ಣದಾಯಿತು. “ಸರ, ಒಳಗ ಎಲ್ಲಾ ಟೊಳ್ಳಾಗಿಬಿಡ್ತಿತ್ತು” ಎಂದನು. ಮೇಲೆ ಚಂದದ ತೇಪೆ, ಕೆಳಗೆ ಗವಿ. ಎರಡನೆಯ ದಿನ ಕಡಲಿನಲ್ಲಿ ಮಗಳ ಕಾಲಡಿಯಲ್ಲಿ ಅದು ಕುಸಿಯುತ್ತಿತ್ತು.

ಎಪಾಕ್ಸಿ ಶಹಾಬಾದಿನಲ್ಲಿಯೇ ದೊರೆಯಿತು. ಕಲ್ಲಿನ ಬಿರುಕು ಮುಚ್ಚುವವರೂ ಅದನ್ನೇ ಬಳಸುತ್ತಾರೆ. ಆದರೆ ಕಲ್ಲಿನವರದು ದಪ್ಪ ಅಂಟು. ಗಾಜಿನ ಬಟ್ಟೆಯ ಎಳೆಯೆಳೆಗೂ ಇಳಿಯಲು ತೆಳುವಾದದ್ದು ಬೇಕೆಂದು ಹೇಳಿ ತರಿಸಿಕೊಳ್ಳಬೇಕಾಯಿತು. ಅದಕ್ಕೆ ಮೊದಲು ಒಣಗಿಸುವ ವ್ರತ. ಮೂತಿಯ ಸತ್ತ ಸಿಪ್ಪೆಯನ್ನು ಗಟ್ಟಿಯಾಗಿ ಅಂಟಿಕೊಂಡಿರುವ ಜಾಗದವರೆಗೆ ಕತ್ತರಿಸಿ ತೆಗೆದು, ಗಾಯ ಕೆಳಮುಖವಾಗುವಂತೆ ಎರಡು ಸ್ಟೂಲುಗಳ ಮೇಲೆ ಮಲಗಿಸಿ, ನೆರಳಿನಲ್ಲಿ ಫ್ಯಾನು ಹಾಕಿದೆವು. ಮೊದಲ ದಿನ ತೊಟ್ಟುತೊಟ್ಟಾಗಿ ಒಂದು ಬಟ್ಟಲು ನೀರು ಇಳಿಯಿತು. ತಂದೆಯವರು ಅದನ್ನು ಬೆರಳಿನಲ್ಲಿ ಅದ್ದಿ ನಾಲಿಗೆಗೆ ಹಚ್ಚಿ ನೋಡಿ, “ಉಪ್ಪು” ಎಂದರು. ಸೇಡಂನಲ್ಲಿ ಕುಳಿತು ಅರಬ್ಬೀ ಸಮುದ್ರದ ರುಚಿ ನೋಡಿದವರು ಅವರೊಬ್ಬರೇ ಇದ್ದಾರು!

ಒಣಗಿತೆಂದು ತಿಳಿಯುವುದು ಹೇಗೆ? ತೂಕದಿಂದ. ನಮ್ಮ ಓಣಿಯ ತೊಗರಿ ವ್ಯಾಪಾರಿಯ ತಕ್ಕಡಿಗೆ ಹೊತ್ತು ಒಯ್ದೆವು. ಮೊದಲ ದಿನ ಏಳು ಕಿಲೋ ನಾಲ್ಕುನೂರು ಗ್ರಾಮು. ಐದು ದಿನಕ್ಕೆ ಏಳು ಕಿಲೋ. ಹನ್ನೆರಡನೆಯ ದಿನ ಆರು ಕಿಲೋ ಎಂಟುನೂರು. ಹದಿನೈದನೆಯ ದಿನವೂ ಅಷ್ಟೇ. ತೂಕ ಇಳಿಯುವುದು ನಿಂತ ಮೇಲೆ ಮುಚ್ಚಬೇಕು, ಅದಕ್ಕೆ ಮೊದಲಲ್ಲ. ಹಸಿಯಾಗಿರುವಾಗ ಮುಚ್ಚಿದರೆ ಒಳಗಿನ ನೀರು ಒಳಗೇ ಕೊಳೆಯುತ್ತದೆ. ವ್ಯಾಪಾರಿ ಪ್ರತಿ ಸಲವೂ ಬೆಲೆ ಕೇಳಿ, “ತೂಕ ಕಮ್ಮಿಯಾದಂಗ ಕಿಮ್ಮತ್ತು ಹೆಚ್ಚಾಗೋ ಮಾಲು ಇದೊಂದೇ ನೋಡ್ರಿ” ಎಂದು ಆಶ್ಚರ್ಯಪಟ್ಟನು.

ಕೆಲಸ ನಡೆದದ್ದು ಬೆಳಗಿನ ಐದು ಗಂಟೆಗೆ. ಸೆಕೆ ಹೆಚ್ಚಿದಷ್ಟೂ ಎಪಾಕ್ಸಿ ಬೇಗ ಬಿಗಿಯುತ್ತದೆ. ಬಟ್ಟಲಿನಲ್ಲಿ ಹೆಚ್ಚು ಕಲಸಿಟ್ಟರೆ ತನ್ನಷ್ಟಕ್ಕೆ ತಾನೇ ಕಾಯ್ದು ಹೊಗೆಯಾಡಲೂಬಹುದು. ಆದುದರಿಂದ ಸ್ವಲ್ಪಸ್ವಲ್ಪವೇ ತಯಾರಿಸಬೇಕು. ರಾಳಕ್ಕೂ ಗಟ್ಟಿಕಾರಕಕ್ಕೂ ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನು ಕಣ್ಣಳತೆಗೆ ಬಿಡದೆ ತೂಗಬೇಕು. ನನ್ನಾಕೆಯ ಅಡುಗೆಮನೆಯ ಸಣ್ಣ ತಕ್ಕಡಿ ಇದಕ್ಕೆ ಬಲಿಯಾಯಿತು. ಗುಂಡಿಗೆ ಥರ್ಮೊಕೋಲಿನ ಬಿಲ್ಲೆಯನ್ನು ಕೆತ್ತಿ ಕೂರಿಸಿ, ಸಂದಿಗೆ ಹಗುರವಾದ ಪುಡಿ ಬೆರೆಸಿದ ಎಪಾಕ್ಸಿ ತುಂಬಿ, ಗಾಯಕ್ಕಿಂತ ಎರಡು ಬೆರಳು ಹೆಚ್ಚು ಅಗಲವಾಗಿ ಗಾಜಿನ ಬಟ್ಟೆಯನ್ನು ಎರಡು ಪದರ ಹೊದಿಸಿದೆವು. ಒಣಗಿದ ಮೇಲೆ ಉಜ್ಜುವುದು. ಆಗ ಏಳುವ ಧೂಳು ಗಾಜಿನದಾದ್ದರಿಂದ ಮೂಗುಬಾಯಿ ಕಟ್ಟಿಕೊಳ್ಳದೆ ಉಜ್ಜಬಾರದು. ಕಲ್ಲಿನ ಧೂಳಿನಿಂದ ಕೆಮ್ಮು ಗಂಟುಹಾಕಿಕೊಂಡವರು ನಮ್ಮ ಓಣಿಯಲ್ಲಿಯೇ ಇದ್ದಾರೆ. ಈ ಎಚ್ಚರವನ್ನು ನಮಗೆ ಯಾರೂ ಎರಡು ಸಲ ಹೇಳಬೇಕಾಗಲಿಲ್ಲ. ಕೊನೆಯ ನುಣುಪನ್ನು ತಂದೆಯವರೇ ಕೊಟ್ಟರು. ನೀರಿನಲ್ಲಿ ಅದ್ದಿದ ಕಾಗದದಿಂದ, ಫರಸಿಗೆ ಪಾಲಿಶು ಹಿಡಿದಂತೆ, ಒಂದು ಇಡೀ ಮಧ್ಯಾಹ್ನ. ಸಂಜೆ ಮತ್ತೆ ಗೆಣ್ಣಿನಿಂದ ಬಡಿದರು, ಏನೂ ಅನ್ನಲಿಲ್ಲ. ಮೊಮ್ಮಗಳನ್ನು ಕರೆದು ಅವಳ ಕೈಯಿಂದ ಬಡಿಸಿದರು.

ತಂದೆಯವರು ಕಲ್ಲಿನ ಮಾತು ಆಡತೊಡಗಿದ್ದು ಆ ಮಧ್ಯಾಹ್ನ. ಅವರಿಗೆ ನಾನು, ನಮ್ಮ ಭೂಗೋಳದ ಉಪನ್ಯಾಸಕ ಮಿತ್ರರಿಂದ ಕೇಳಿದ್ದ ಸಂಗತಿಯೊಂದನ್ನು ಹೇಳಿದೆ: ಶಹಾಬಾದ್, ವಾಡಿ, ಸೇಡಂಗಳ ಈ ಸುಣ್ಣಕಲ್ಲು ಹತ್ತಾರು ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಪದರಪದರವಾಗಿ ಕೂತದ್ದು, ನಾವು ನಡೆದಾಡುವ ಪಡಸಾಲೆಯೇ ಸಮುದ್ರದ ತಳ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಂದ್ರ ಅವನೂ ಸಮುದ್ರದಾಗೇ ಹೋದಾಂಗಾತು” ಎಂದರು. ಯಾರು ಎಂದು ನಾನು ಕೇಳಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಚಿಕ್ಕಪ್ಪನ ವಿಷಯವಾಗಿ ಅವರು ತಾವಾಗಿ ಆಡಿದ ಮಾತು ಅದೊಂದೇ.

ಜೂನ್‌ನಿಂದ ಆಗಸ್ಟ್‌ವರೆಗೆ ಹಲಗೆ ಅವರ ಕೋಣೆಯಲ್ಲಿತ್ತು. ಮಗಳು ಶಾಲೆಯಿಂದ ಬಂದವಳು ಪಡಸಾಲೆಯಲ್ಲಿ ಚಾಪೆ ಹಾಸಿ, ಬೋರಲಾಗಿ ಮಲಗಿ, ಕೈಯೂರಿ, ಒಂದೇ ಜಿಗಿತಕ್ಕೆ ಎರಡು ಕಾಲ ಮೇಲೆ ನಿಲ್ಲುವ ಅಭ್ಯಾಸ ಮಾಡುತ್ತಿದ್ದಳು. ಹಲಗೆಯೇರುವವರು ನೆಲದ ಮೇಲೆ ಕಲಿಯತಕ್ಕದ್ದು ಇದೇ. ತಂದೆಯವರು ಜಪಮಣಿ ಎಣಿಸಿದಂತೆ ಎಣಿಸುತ್ತಿದ್ದರು. ಪಕ್ಕದ ಮನೆಯ ಹುಡುಗರು ಗುಂಪುಗೂಡಿ, ಊರ ಹೊರಗಿನ ಗಣಿಯಲ್ಲಿ ನೀರು ಬಂದಿದೆ, ಒಮ್ಮೆ ತೇಲಿಸಿ ನೋಡೋಣ ಎಂದು ಕೇಳಲು ಬಂದಾಗ ಮಾತ್ರ ಮುದುಕರ ದನಿ ಓಣಿಯ ಆ ತುದಿಗೂ ಕೇಳಿಸಿತು. ಅಂದಿನಿಂದ ಹಲಗೆಗೆ ಸರಪಳಿ ಬೀಗ.

ಸೆಪ್ಟೆಂಬರಿನಲ್ಲಿ ಮತ್ತೆ ಮೂಲ್ಕಿಗೆ ಹೊರಡುವ ಹಿಂದಿನ ದಿನ ಎಲ್ಲವನ್ನೂ ಇನ್ನೊಮ್ಮೆ ಪರೀಕ್ಷಿಸಿದೆವು. ಹೊಟ್ಟೆಯ ಕಡೆಯ ಮೂರು ರೆಕ್ಕೆಗಳ ಬುಡದಲ್ಲಿ ಬಿರುಕಿಲ್ಲ. ನಡುವಿನ ಮರದ ಪಟ್ಟಿ ನೆಟ್ಟಗಿದೆ, ಹಲಗೆ ಎಲ್ಲಿಯೂ ಮುರಿದು ಕೂಡಿಸಿದ್ದಲ್ಲ. ಹಿಂದಿನ ತುದಿಯಲ್ಲಿ ಕಾಲಿಗೆ ಕಟ್ಟಿಕೊಳ್ಳುವ ಹಗ್ಗವೊಂದಿರುತ್ತದೆ. ಬಿದ್ದಾಗ ಹಲಗೆ ಕೈಬಿಟ್ಟು ಹೋಗದಂತೆ ಹಿಡಿದಿಡುವುದು ಅದೇ. ಹಲಗೆಯೊಡನೆ ಬಂದ ಹಗ್ಗವನ್ನು ತಂದೆಯವರು ಎರಡು ಕೈಗೆ ಸುತ್ತಿ ಎಳೆದು ನೋಡಿದರು. ರಬ್ಬರಿನಂತೆ ಹಿಗ್ಗಿತು, ನಡುವೆ ಒಂದೆಡೆ ಸಣ್ಣ ಕಚ್ಚು ಬಾಯ್ತೆರೆಯಿತು.

“ಇದೇನು?”

“ಅದೂ ಹಲಗಿ ಕೂಡ ಬಂದದ್ದು, ಅಪ್ಪಾ. ಸದ್ಯಕ್ಕ ನಡೀತದ.”

ಅವರು ಕಪಾಟು ತೆರೆದು, ತಿಂಗಳಿನ ಪಿಂಚಣಿಯ ಲಕೋಟೆಯಿಂದ ನೋಟುಗಳನ್ನು ಎಣಿಸಿ ನನ್ನ ಕೈಗಿಟ್ಟರು. “ಹಲಗಿ ಹಳೇದಿರಲಿ. ಹಗ್ಗ ಹೊಸಾದು ತಗೋ” ಎಂದು, ಹಳೆಯ ಹಗ್ಗವನ್ನು ಕತ್ತರಿಯಿಂದ ತುಂಡು ಮಾಡಿ ಕಿಟಕಿಯಾಚೆ ಎಸೆದರು.